ಮುನಿಯಕ್ಕನ ಕೈ

೨೧ ನವೆಂಬರ್ ೧೯೭೮, ಮಂಗಳವಾರ. ಜಯನಗರ.

ಮುನಿಯಕ್ಕನನ್ನು ಇಂದು ಕೆಲಸದಿಂದ ಬಿಡಿಸಿದೆ. ಮೊಮ್ಮಗಳು ವಸುಮತಿಯ ಮಂಡಿನೋವಿಗೆ ಎಣ್ಣೆ ತಿಕ್ಕಲು ಎರಡು ವರ್ಷಗಳಿಂದ ಪುಟ್ಟೇನಹಳ್ಳಿಯಿಂದ ಬರುತ್ತಿದ್ದವಳು. “ನೋಯೋ ಜಾಗಕ್ಕೆ ಮೊದ್ಲೇ ಕೈ ಹಾಕ್ಬಾರ್ದು ಟೀಚರಮ್ಮ, ಪಾದದಿಂದ ಮೇಲಕ್ಕೆ ಬರ್ಬೇಕು” ಎಂದು ನನಗೇ ಪಾಠ ಹೇಳುತ್ತಿದ್ದಳು. ಅದನ್ನು ಸಹಿಸಿದ್ದೆ. ಆದರೆ ಇಂದು ತಿಕ್ಕಿಸಿಕೊಂಡ ಮೇಲೆ ಹುಡುಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ರಿಸಿದಳು. ನನ್ನ ಮಡಿಲಿನಲ್ಲಿ ಒಮ್ಮೆಯೂ ಹಾಗೆ ಮಲಗಿದವಳಲ್ಲ.

ಸಂಜೆ ನಾನೇ ಎಣ್ಣೆ ಕಾಯಿಸಿ, ನೇರವಾಗಿ ಮಂಡಿಯನ್ನೇ ಒತ್ತಿ ತಿಕ್ಕಿದೆ. ಹುಡುಗಿ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

“ಹೇಗಿದೆ?”

“ಹೋಯ್ತು ಅಜ್ಜಿ. ಪೂರ್ತಿ ಹೋಯ್ತು. ಸಾಕು.”

ಮೂವತ್ತೊಂದು ವರ್ಷ ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿದವಳು ನಾನು. ಇದನ್ನೂ ಹಿಡಿದೆ. ಆದರೂ, ಇನ್ನು ಪ್ರತಿ ಸಂಜೆ ನಾನೇ ತಿಕ್ಕುತ್ತೇನೆಂದು ಅವಳಿಗೆ ಹೇಳಿ, ಕೈ ತೊಳೆದುಕೊಂಡೆ.