ಗಂಗಕ್ಕನ ಮನೆ ಮುಂದೆ

ಗೆಳೆಯಾ ತಿಪ್ಪೇಶಿ,

ಓಟ ಮುಗಿಯಿತು ಕಣೋ. ಅದನ್ನೇ ಮೊದಲು ಬರೆಯಬೇಕೆಂದು ಕುಳಿತೆ. ಪೆನ್ನು ಹಿಡಿದರೆ ಬರೀ ನೀನೇ ನೆನಪಾಗುತ್ತೀಯ. ನೀನು ಹೋಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ನಿನ್ನನ್ನು ಬಿಟ್ಟು ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳಲಿ?

ನೀನು ಆ ಕರಪತ್ರವನ್ನು ಎಣ್ಣೆ ಮಿಲ್ಲಿನಿಂದ ಜೇಬಿನಲ್ಲಿ ಮಡಚಿ ಹೋಟೆಲಿಗೆ ತಂದ ಸಂಜೆ ನೆನಪಿದೆಯೇ? ಎಮರ್ಜೆನ್ಸಿ ಮುಗಿದ ವರ್ಷದ ದಸರಾ ಆಗಷ್ಟೇ ಕಳೆದಿತ್ತು. ಗಣರಾಜ್ಯೋತ್ಸವಕ್ಕೆ ನಮ್ಮ ತುರುವನೂರಿನಿಂದ ದುರ್ಗಕ್ಕೆ ‘ಅರ್ಧ ಮ್ಯಾರಥಾನ್’, ಹದಿಮೂರು ಮೈಲಿ, ವಯಸ್ಸಿನ ಮಿತಿ ಇಲ್ಲ ಎಂದಿತ್ತು. ನಲವತ್ತಕ್ಕೆ ಬಂದು, ಹೊಟ್ಟೆಯನ್ನೂ ಬೆಳೆಸಿಕೊಂಡಿದ್ದ ನಾವಿಬ್ಬರು! “ಏನಲೇ ಮೇಷ್ಟ್ರೇ, ಓಡಾಣೇನು?” ಎಂದು ನೀನು ಕೇಳಿದೆ. ನಾನು ಹೂಂ ಅಂದುಬಿಟ್ಟೆ. ಹೋಟೆಲಿನಲ್ಲಿ ಕುಳಿತಿದ್ದವರು ಬಿಟ್ಟಾರೆಯೇ? “ಅರ್ಧ ಓಡಿ, ಉಳಿದರ್ಧ ಬಸ್ಸಿಗೆ ಹೋಗ್ತೀರೇನ್ರಪ್ಪಾ?” ಎಂದು ಅವತ್ತಿನಿಂದಲೇ ಶುರು ಮಾಡಿದರು.

ಮೊದಲ ಬೆಳಿಗ್ಗೆ ಅದೇ ದುರ್ಗದ ರಸ್ತೆಯಲ್ಲಿರುವ ನಿಮ್ಮಕ್ಕ ಗಂಗಕ್ಕನ ಹಳ್ಳಿಯವರೆಗೆ ಓಡಿ ಬರುವುದೆಂದು ಹೊರಟಿದ್ದೆವು. ಚಡ್ಡಿ, ಕ್ಯಾನ್ವಾಸ್ ಶೂ, ಕಿವಿಗೆ ಮಫ್ಲರ್. ಅಂಗಳ ಗುಡಿಸುತ್ತಿದ್ದ ಗಂಗಕ್ಕ ನಮ್ಮನ್ನು ದೂರದಿಂದ ನೋಡಿದ್ದೇ ಪೊರಕೆ ಬಿಸಾಕಿ, “ಅಯ್ಯೋ, ನಮ್ಮವ್ವಾ!” ಎಂದು ಎದೆ ಬಡಿದುಕೊಳ್ಳತೊಡಗಿದಳು. ಅಕ್ಕಪಕ್ಕದ ಹೆಂಗಸರೂ ಬಂದು ದನಿಗೂಡಿಸಿದರು. ತಪ್ಪು ಅವರದಲ್ಲ. ನಮ್ಮ ಕಡೆ ಬೆಳೆದ ಗಂಡಸು ಹೊತ್ತು ಹುಟ್ಟುವಾಗ ರಸ್ತೆಯಲ್ಲಿ ಓಡಿ ಬಂದನೆಂದರೆ ಸಾವಿನ ಸುದ್ದಿ ತಂದನೆಂದೇ ಲೆಕ್ಕ. “ಅವ್ವ ಚೆನ್ನಾಗೈದಾಳೆ ಕಣಕ್ಕಾ! ನಾವು ಸುಮ್ನೆ ಓಡ್ತಾ ಇದೀವಿ” ಅಂತ ನೀನು ಕೂಗಿದೆ. “ಸುಮ್ನೆ ಯಾರಾದ್ರೂ ಓಡ್ತಾರೇನಲೇ, ಮುಂಡೇದೇ!” ಎನ್ನುತ್ತ ಅದೇ ಪೊರಕೆ ಎತ್ತಿಕೊಂಡು ಇಬ್ಬರನ್ನೂ ಅಟ್ಟಿಸಿಕೊಂಡು ಬಂದಳಲ್ಲ!

ಅವತ್ತಿನಿಂದ ಹಳ್ಳಿ ಸಿಗುವ ಮೊದಲೇ ಕೈ ಬೀಸಿ “ಎಲ್ಲಾ ಚೆನ್ನಾಗೈತೆ!” ಎಂದು ಕೂಗುವುದನ್ನು ಕಲಿತೆ ನೀನು. ಬರಬರುತ್ತ ರಸ್ತೆಯ ಜನಕ್ಕೆಲ್ಲ ನಮ್ಮ ಓಟ ರೂಢಿಯಾಯಿತು. ಗಂಗಕ್ಕ ಬಾಗಿಲಲ್ಲಿ ಮಜ್ಜಿಗೆ ಹಿಡಿದು ನಿಲ್ಲುತ್ತಿದ್ದಳು. ಭಾನುವಾರ ಉದ್ದ ಓಟ, ಪ್ರತಿ ವಾರ ಇನ್ನೊಂದು ಮೈಲಿಕಲ್ಲು ಮುಂದೆ. ಸೋಮವಾರ ಕಾಲಿಗೆ ಹರಳೆಣ್ಣೆ ತಿಕ್ಕಿಕೊಂಡು ಕುಂಟುತ್ತ ನಾನು ಶಾಲೆಗೆ, ನೀನು ಮಿಲ್ಲಿಗೆ. ನಾನು ಏದುಸಿರು ಬಿಟ್ಟರೆ, “ಮಾತಾಡಾಕೆ ಆಗದಂಗೆ ಓಡಬ್ಯಾಡಲೇ” ಎಂದು ನೀನು ಬೈಯುತ್ತಿದ್ದೆ. ಅಷ್ಟು ಗಟ್ಟಿ ಆಳು, ಒಂದು ಜ್ವರಕ್ಕೆ ಹೀಗೆ...

ನೀನು ಕಣ್ಣು ಮುಚ್ಚಿದ ಬೆಳಿಗ್ಗೆ ನಿಮ್ಮವ್ವ ನನ್ನ ಕೈ ಹಿಡಿದು “ಗಂಗಿಗೆ ಹೇಳ್ಬೇಕಲ್ಲಪ್ಪಾ” ಅಂದರು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಊರಲ್ಲಿ ಓಡುವವನು ಉಳಿದಿದ್ದು ನಾನೊಬ್ಬನೇ ಅಲ್ಲವೇ? ಓಡಿದೆ. ಹೊಲಕ್ಕೆ ಹೊರಟವರು ನಕ್ಕು ಕೈಯೆತ್ತಿದರು. “ಏನ್ ಮೇಷ್ಟ್ರೇ, ಒಬ್ರೇ? ಎಲ್ಲಾ ಚೆನ್ನಾಗೈತಾ?” ತಲೆ ತಗ್ಗಿಸಿ ಮುಂದೆ ಹೋದೆ. ಹುಣಸೆಮರದ ತಿರುವಿನಲ್ಲಿ ಗಂಗಕ್ಕನ ಮನೆ ಕಂಡದ್ದೇ ಓಟ ನಿಲ್ಲಿಸಿದೆ. ಅಲ್ಲಿಂದ ನಡೆದೆ. ಬಾಗಿಲಲ್ಲಿದ್ದ ಗಂಗಕ್ಕ ನಾನು ಬಾಯಿ ಬಿಡುವ ಮೊದಲೇ ಹೊಸ್ತಿಲ ಮೇಲೆ ಕುಸಿದಳು. ನಾನೊಬ್ಬನೇ ಬಂದದ್ದು ನೋಡಿ ತಿಳಿಯಿತೇನೋ ಅಂದುಕೊಂಡೆ.

ನಿನ್ನ ಮಣ್ಣು ಮುಗಿದ ಮೇಲೆ ನಾನು ಆ ರಸ್ತೆಗೆ ಇಳಿಯಲಿಲ್ಲ. ಕೆರೆ ಏರಿ ಮೇಲೆಯೇ ಹಿಂದಕ್ಕೂ ಮುಂದಕ್ಕೂ ಓಡುತ್ತಿದ್ದೆ. ಸುದ್ದಿ ತಂದ ಕಾಲನ್ನು ಗಂಗಕ್ಕನಿಗೆ ಮತ್ತೆ ಹೇಗೆ ತೋರಿಸಲಿ? ಓಟವನ್ನೇ ಬಿಟ್ಟುಬಿಡೋಣ ಎನ್ನಿಸಿತು. ಆದರೆ ಇಬ್ಬರ ಹೆಸರನ್ನೂ ಒಟ್ಟಿಗೇ ಕೊಟ್ಟಿದ್ದೆಯಲ್ಲ, ನೀನು ಬರುವಂತಿಲ್ಲ, ನಾನೂ ಹೋಗದಿದ್ದರೆ... ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಓಡುವುದು, ಆದರೆ ಹುಣಸೆಮರದಿಂದ ಆಕೆಯ ಮನೆ ದಾಟುವವರೆಗೆ ನಡೆಯುವುದು. ನೋಡುವವರು ನಕ್ಕರೆ ನಗಲಿ.

ನಿನ್ನೆ ಹಾಗೆಯೇ ಮಾಡಿದೆ. ಹುಡುಗರೆಲ್ಲ ಮುಂದೆ ಓಡಿಹೋದರು. ನಾನು ಮರದ ಹತ್ತಿರ ನಿಧಾನಿಸಿ ನಡೆಯತೊಡಗಿದೆ. ಗಂಗಕ್ಕ ಬಾಗಿಲಲ್ಲಿದ್ದಳು. ನನ್ನನ್ನು ನೋಡಿದ್ದೇ ಮುಖ ಬಿಳಿಚಿಕೊಂಡಿತು. ರಸ್ತೆಗೇ ಓಡಿ ಬಂದು ನನ್ನ ಬನಿಯನ್ ಹಿಡಿದುಕೊಂಡಳು.

“ಯಾಕೋ ನಡ್ಕಂಡ್ ಬರ್ತಾ ಇದೀಯ? ಈಗ ಯಾರು? ಅವ್ವನಾ?”

“ಇಲ್ಲಕ್ಕಾ, ಯಾರೂ ಇಲ್ಲ! ಓಡಿದ್ರೆ ನಿನಗೆ ಸಂಕಟ ಆಗ್ತೈತೆ ಅಂತ...”

ಆಕೆ ಬನಿಯನ್ ಬಿಡಲಿಲ್ಲ. “ಆವತ್ತು ನೀನು ಓಡ್ಕಂಡೇ ಬಂದಿದ್ರೆ, ನನ್ ತಮ್ಮ ಹಿಂದೆ ಬರ್ತಾ ಐದಾನೆ ಅಂದ್ಕತಿದ್ದೆ ಕಣೋ. ಮರದಿಂದ ನಡ್ಕಂಡ್ ಬಂದೆ ನೋಡು, ಆಗ್ಲೇ ಗೊತ್ತಾತು ನಂಗೆ. ನನ್ ಮನೆ ಮುಂದೆ ನಡೀಬ್ಯಾಡ. ಓಡಲೇ!” ಎಂದು ಬೆನ್ನಿಗೆ ಕೈಯಿಟ್ಟು ದೂಡಿದಳು.

ಓಡಿದೆ ಕಣೋ. ಅಳುತ್ತ ಓಡಿದೆ. ನಾನು ದುರ್ಗ ಮುಟ್ಟುವಾಗ ಶಾಮಿಯಾನ ಬಿಚ್ಚುತ್ತಿದ್ದರು, ಹೆಸರು ಕೇಳುವವರೂ ಇರಲಿಲ್ಲ. ಅದು ಹೋಗಲಿ. ನಾಳೆ ಬೆಳಿಗ್ಗೆ ಮತ್ತೆ ಆ ರಸ್ತೆಗೆ ಇಳಿಯುತ್ತೇನೆ. ಮೈಯಲ್ಲಿ ಉಸಿರಿರುವ ತನಕ ನಿಮ್ಮಕ್ಕನ ಮನೆ ಮುಂದೆ ನಾನು ನಡೆಯುವುದಿಲ್ಲ.

ನಿನ್ನ
ಬೋರೇಶ