ಸುಂದ್ರಮ್ಮನಿಗೆ ಪೆಟ್ರೋಲ್ ದರ ವಿವರಿಸುವವರು ಬೇಕಾಗಿದ್ದಾರೆ

ದಿನಬೆಳಗಾದರೆ ಪೆಟ್ರೋಲ್ ದರ ನಿಗದಿಪಡಿಸುವ ಮಾನ್ಯರೇ,

ತಾವು ದರ ಏರಿಸುತ್ತೀರಿ, ಬೈಗುಳ ನಾನು ತಿನ್ನುತ್ತೇನೆ. ಇದು ಯಾವ ಸೀಮೆಯ ಕೆಲಸ ಹಂಚಿಕೆ ಎಂದು ಕೇಳಲು ಈ ಪತ್ರ. ತಮ್ಮ ಹೆಸರು, ವಿಳಾಸ ಗೊತ್ತಿದ್ದಿದ್ದರೆ ನಾನು ಬರೆಯುವ ಅಗತ್ಯವೇ ಇರಲಿಲ್ಲ. ಸುಂದ್ರಮ್ಮ ಇಷ್ಟು ಹೊತ್ತಿಗೆ ತಮ್ಮ ಜಗುಲಿಯ ಮೇಲೆ ಕುಳಿತಿರುತ್ತಿದ್ದರು.

ನಾನು ಬೆಟ್ಟದಪುರದ ಆಟೊ ಚಾಲಕ. ಸುಂದ್ರಮ್ಮ ಮತ್ತವರ ಜೊತೆಯ ಹೆಂಗಸರನ್ನು ದಿನಾ ಜವರಯ್ಯನವರ ಶುಂಠಿ ಹೊಲಕ್ಕೆ ಕಳೆ ಕೀಳಲು ಕರೆದೊಯ್ಯುವುದು ನನ್ನ ಕಾಯಂ ಬಾಡಿಗೆ. ಕಳೆದ ತಿಂಗಳು ದರ ಮತ್ತೆ ಏರಿದಾಗ, ಬೇರೆ ದಾರಿ ಕಾಣದೆ, ತಲೆಗೆ ಐದು ರೂಪಾಯಿ ಹೆಚ್ಚಿಗೆ ಕೇಳಿದೆ.

“ಯಾರ್ನ ಕೇಳಿ ಏರಿಸ್ದೆಲಾ?” ಎಂದರು ಸುಂದ್ರಮ್ಮ.

“ನಾನೆಲ್ಲಿ ಏರಿಸ್ದೆ ಸುಂದ್ರಕ್ಕ, ಬಂಕ್‌ನೋರು ಏರಿಸವ್ರೆ.”

“ಅಂಗಾದ್ರೆ ತಿರುಗ್ಸು ಗಾಡೀನ. ಅವ್ರನ್ನೇ ಕೇಳ್ಮ.”

ತಿರುಗಿಸಿದೆ. ಆ ಹೆಂಗಸರೆದುರು ಬೇಡ ಎನ್ನುವ ಧೈರ್ಯ ತಮಗಿದ್ದೀತು, ನನಗಿರಲಿಲ್ಲ.

ಬಂಕ್ ಮಾಲೀಕರಾದ ಮಹದೇವಪ್ರಸಾದ್ ಪಾಪ, ಕೈಮುಗಿದರು. “ನಾನಲ್ಲ ಕಣಮ್ಮ ಏರ್ಸೋದು. ಬೆಳಗ್ಗೆ ಎದ್ರೆ ಕಂಪನಿಯಿಂದ ಬತ್ತದೆ. ನಾನೂ ನಿಮ್ಮಂಗೇ ನೋಡಿ ಬಾಯ್ ಬುಡ್ತೀನಿ.”

“ಆ ಮುಂದ್ಲ ಬಂಕ್ನಲ್ಲಿ ಬ್ಯಾರೆ ರೇಟು ಐತಲ್ಲ?”

“ಅದು ಬ್ಯಾರೆ ಕಂಪನಿ ಕಣಮ್ಮ.”

ಒಂದೇ ರಸ್ತೆ, ಎರಡು ಬಂಕು, ಎರಡು ದರ, ಹೇಳುವವರು ಒಬ್ಬರೂ ಇಲ್ಲ. ಕೊನೆಗೆ ಗೋಡೆಯ ಮೇಲಿದ್ದ ಸಹಾಯವಾಣಿಗೆ ಫೋನು ಹಚ್ಚಿದೆವು. ಇದನ್ನೊತ್ತಿ, ಅದನ್ನೊತ್ತಿ ಎಂದು ಬೆರಳು ಸವೆಸಿದ ಮೇಲೆ ಒಬ್ಬ ಹುಡುಗಿ ಬಹಳ ವಿನಯದಿಂದ, “ದರ ಅಂತರರಾಷ್ಟ್ರೀಯ ಮಾರುಕಟ್ಟೆಯನ್ನು ಅವಲಂಬಿಸಿರುತ್ತದೆ ಮೇಡಂ” ಎಂದಳು.

“ಅದ್ಯಾವ ಊರ್ ಸಂತೆ ಕಣವ್ವ? ಅಲ್ಲಿ ಇಳ್ದಾಗ ನಮಗ್ಯಾಕೆ ಸುದ್ದಿ ಬರಕಿಲ್ಲ?”

“ಕರೆ ಮಾಡಿದ್ದಕ್ಕೆ ಧನ್ಯವಾದ ಮೇಡಂ.”

ನಾನೂ ಅದನ್ನೇ ಕೇಳುತ್ತೇನೆ, ಮಾನ್ಯರೇ. ಏರುವಾಗ ಬೆಳಗಾಗುವುದರೊಳಗೆ ನಮ್ಮೂರು ಮುಟ್ಟುವ ದರ, ಇಳಿಯುವಾಗ ಪಿರಿಯಾಪಟ್ಟಣದ ಬಸ್ ತಪ್ಪಿಸಿಕೊಂಡು ಎಲ್ಲಿ ನಿಂತುಬಿಡುತ್ತದೆ? ಜವರಯ್ಯನವರು ಶುಂಠಿ ಮಾರುವಾಗ ‘ಎಷ್ಟು ಕೊಡ್ತೀರಿ’ ಎನ್ನುತ್ತಾರೆ, ಪೆಟ್ರೋಲ್ ಕೊಳ್ಳುವಾಗ ‘ಎಷ್ಟಾಗಿದೆ’ ಎನ್ನುತ್ತಾರೆ. ಬೆಲೆ ಹೇಳುವ ಭಾಗ್ಯ ಎರಡು ಸಲವೂ ಬೇರೆಯವರಿಗೇ ಏಕೆ?

ಇಷ್ಟರಲ್ಲಿ ಬಿಸಿಲೇರಿತ್ತು. ಹೊಲ ಮುಟ್ಟಿದಾಗ ಜವರಯ್ಯನವರು ಗಡಿಯಾರ ತೋರಿಸಿ ಅರ್ಧ ಕೂಲಿ ಎಂದುಬಿಟ್ಟರು. ಹೆಂಗಸರ ಮುಖ ಬಾಡಿತು. “ಕೇಳಕ್ ಓಗಿದ್ದೇ ತಪ್ಪಾಯ್ತಾ ಅಕ್ಕ?” ಎಂದಳು ಅವರಲ್ಲೊಬ್ಬಳಾದ ಚೆಲುವಮ್ಮ.

“ದಿನಾ ಕೇಳ್ದೆ ಕಳ್ಕೊತಿದ್ವಿ. ಇವತ್ತು ಕೇಳಿ ಕಳ್ಕೊಂಡ್ವಿ, ಬುಡು” ಎಂದು ಸುಂದ್ರಮ್ಮ ಸೆರಗು ಸಿಕ್ಕಿಸಿ ಕಳೆಗಿಳಿದರು. ಸಂಜೆ, ಆ ದಿನದ ಬಾಡಿಗೆ ಬೇಡವೆಂದೆ. ಸುಂದ್ರಮ್ಮ ಬೈದು, ಹಳೆಯ ದರವನ್ನು ನನ್ನ ಜೇಬಿಗೆ ತುರುಕಿದರು.

ಮರುದಿನ ಆಟೊ ಹತ್ತುವ ಮುನ್ನ ಅವರೇ ತೀರ್ಪು ಕೊಟ್ಟರು: “ಓಗೋವಾಗ ನಮ್ ತಾವ ಕಾಸಿರಕಿಲ್ಲ, ಹಳೇ ರೇಟು. ಬರೋವಾಗ ಕೂಲಿ ಇರ್ತದೆ, ನೀನ್ ಕೇಳಿದ್ ರೇಟು. ಒಪ್ಗೆನಾ?” ಒಪ್ಪಿದೆ. ಅರ್ಧ ನಷ್ಟ ನನ್ನದೇ, ಆದರೆ ಕಾರಣ ಕೇಳಿಸಿಕೊಂಡು ಆದ ನಷ್ಟ.

ದರ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಅಷ್ಟು ದುರಾಸೆ ನನಗಿಲ್ಲ. ಮುಂದಿನ ಸಲ ಏರಿಸಿದ ದಿನ ತಾವೇ ದಯಮಾಡಿಸಿ, ನನ್ನ ಆಟೊದಲ್ಲಿ ಸುಂದ್ರಮ್ಮನವರ ಪಕ್ಕ ಕುಳಿತು, ಹೊಲ ಮುಟ್ಟುವವರೆಗೆ ಕಾರಣ ವಿವರಿಸಬೇಕು. ರಸ್ತೆ ಚೆನ್ನಾಗಿಲ್ಲ, ನಡುವೆ ಎಲ್ಲೂ ಇಳಿಸುವುದಿಲ್ಲ. ತಮ್ಮಿಂದ ಬಾಡಿಗೆ ಮಾತ್ರ ಪಡೆಯುವುದಿಲ್ಲ.

ಇಂತಿ,
‘ಫುಲ್ ಟ್ಯಾಂಕ್’ ಎಂಬ ಮಾತನ್ನು ಬಾಯಲ್ಲಾಡಿ ಬಹಳ ಕಾಲವಾದ
ಮಹೇಶ್‌ಕುಮಾರ್, ಆಟೊ ಸ್ಟ್ಯಾಂಡ್, ಬೆಟ್ಟದಪುರ