ನಲವತ್ತು ದಿನ, ಹನ್ನೊಂದು ನಿಮಿಷ

ಹಮಾಮತ್ಸು
೯ ನವೆಂಬರ್ ೨೦೨೫

ಪ್ರೀತಿಯ ಮಿನೊರಿ,

ಟೋಕಿಯೊದಲ್ಲಿ ಆಗಲೇ ಚಳಿ ಶುರುವಾಗಿರಬೇಕು; ಕತ್ತು ಮುಚ್ಚಿಕೊಂಡು ಓಡಾಡು. ಸೆಪ್ಟೆಂಬರಿನ ನಿನ್ನ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ. ಕೆಲಸ ಹೆಚ್ಚಿತ್ತು ಎಂದರೆ ಸುಳ್ಳಾಗುತ್ತದೆ. ಮೂರು ಸಲ ಬರೆಯಲು ಕೂತು ಎದ್ದೆ.

ಅಪ್ಪನ ಜೀವಮಾನದ ಕೆಲಸವನ್ನು ಅವರ ಕಣ್ಣೆದುರೇ ಚಿಕ್ಕದು ಮಾಡಿದೆ, ಈ ಸಲಹೆಗಾರಿಕೆಯ ವೃತ್ತಿಯೇ ಬೇಡ, ವರ್ಷದ ಕೊನೆಗೆ ರಾಜೀನಾಮೆ ಕೊಡುತ್ತೇನೆ ಎಂದು ಬರೆದಿದ್ದೀಯ. ಕೊಡುವ ಮೊದಲು ಇದನ್ನು ಓದು.

ಹೊಸವರ್ಷಕ್ಕೆ ಬಂದಾಗ ಪಿಯಾನೋಗೆ ಮರ ಹದಮಾಡುವ ಆ ಕಾರ್ಖಾನೆಯ ಹತ್ತು ವರ್ಷದ ಕಾಗದಗಳನ್ನು ನಿಮ್ಮ ಕಂಪನಿಯ ಎಐ ಯಂತ್ರಕ್ಕೆ ತೋರಿಸಿದೆಯಲ್ಲ. ಅಪ್ಪ ನಲವತ್ತು ದಿನ ಅಲ್ಲಿ ನಿಂತು ಕಂಡುಕೊಂಡಿದ್ದನ್ನು ಅದು ಹನ್ನೊಂದು ನಿಮಿಷದಲ್ಲಿ ಹೇಳಿತು: ಮರ ಒಣಗಿಸುವ ಹಳೆಯ ಕೊಠಡಿಯನ್ನು ಮುಚ್ಚಿ. ಅವರಿಗೆ ಕಾಣದಿದ್ದುದನ್ನೂ ಹೇಳಿತು: ಬಿರುಕು ಬಿಡುವ ಮರವೆಲ್ಲ ನದಿ ಕಡೆಯ ಬಾಗಿಲ ಪಕ್ಕ ಜೋಡಿಸಿದ್ದು. ನಾನು ಹೈಸ್ಕೂಲು ಮುಗಿಸಿದವಳು. ಅಪ್ಪನ ಸಲಹಾ ಕಚೇರಿಯಲ್ಲಿ ಮೂವತ್ತು ವರ್ಷ ಟಿಪ್ಪಣಿಗಳ ಶುದ್ಧಪ್ರತಿ ಮಾಡಿದ್ದೇನೆ. ಆ ಮರದ ವಾಸನೆಯನ್ನೂ ನೋಡದೆ ಅದಕ್ಕೆ ಹೇಗೆ ತಿಳಿಯಿತೋ, ಇಂದಿಗೂ ಬೆರಗು. ನೀನು "ಇನ್ನು ನಲವತ್ತು ದಿನ ಯಾಕಪ್ಪಾ ನಿಲ್ಲೋದು?" ಅಂದೆ. ಅಷ್ಟಕ್ಕೇ ಅವರು ಸ್ನಾನಕ್ಕೆ ಎದ್ದುಹೋದರು. ತಿಂಗಳು ತುಂಬುವ ಮೊದಲೇ ತೀರಿಕೊಂಡರು.

ಕಳೆದ ತಿಂಗಳು ಅಪ್ಪನ ಸಹಾಯಕ ಕುರೊಬೆ ಅದೇ ವರದಿಯನ್ನು ಮುದ್ರಿಸಿಕೊಂಡು ನೇರವಾಗಿ ಕಾರ್ಖಾನೆಯ ಸಭೆಗೆ ಹೋದ. ಮೊದಲೇ ಒಬ್ಬೊಬ್ಬರ ಬಳಿ ಹೋಗಿ ಕಿವಿಗೆ ಹಾಕಿರಲಿಲ್ಲ. ಹದಿನೇಳು ಜನ ಚಹಾ ಕುಡಿದು ಎದ್ದರು.

"ಅಮ್ಮಾವ್ರೇ, ಯೋಚಿಸಿ ನೋಡ್ತಾರಂತೆ!" ಎಂದು ಖುಷಿಯಾಗಿ ಬಂದ.

"ಯೋಚಿಸ್ತೀವಿ ಅಂದ್ರೆ ಬೇಡ ಅಂತಲೇ ಅರ್ಥ. ಸತ್ತುಹೋಯ್ತು ನಿನ್ನ ವರದಿ. ಹತ್ತು ವರ್ಷ ನಮ್ಮನೆಯವರ ಹಿಂದೆ ಚೀಲ ಹಿಡ್ಕೊಂಡು ಓಡಾಡಿ ಇಷ್ಟೂ ಕಲೀಲಿಲ್ವೇನಪ್ಪ?"

"ಉತ್ತರ ಇಷ್ಟು ಸರಿ ಇದ್ಮೇಲೆ ಒಪ್ಪಿಸೋದೇನಿದೆ ಅಂದ್ಕೊಂಡೆ."

ಆಮೇಲೆ ಸಿಹಿಯ ಪೆಟ್ಟಿಗೆ ಹಿಡಿದು ಹದಿನೇಳು ಜನರ ಬಳಿಗೂ ಹೋದ. ಒಣಗಿಸುವ ಕೊಠಡಿಯ ಮೇಸ್ತ್ರಿ, ಮುದುಕ ತಾದೊಕೊರೊ ಅವರ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಒಂದು ಗಂಟೆ ಅವರು ನಮಗೆ ಚಹಾ ಬಗ್ಗಿಸುತ್ತಲೇ ಇದ್ದರು.

"ಆ ಬಾಗಿಲ ವಿಷ್ಯ ನಂಗೆ ಎಂಟು ವರ್ಷದಿಂದ ಗೊತ್ತು ಕಣಯ್ಯ," ಅಂದರು ಕೊನೆಗೆ. "ನಿನ್ನ ಮೆಷಿನ್ನು ಬುದ್ಧಿವಂತ. ಆದ್ರೆ ಅದೂ ನನ್ನನ್ನ ಕೇಳ್ಲಿಲ್ಲ, ನಿಮ್ಮ ಸಾರ್ ಕೂಡ ಕೇಳ್ಲಿಲ್ಲ." ಆಮೇಲೆ ವರದಿಯನ್ನು ಹತ್ತಿರ ಎಳೆದುಕೊಂಡು, "ನನ್ನ ಕೊಠಡಿ ಮುಚ್ಚೋ ಮಾತನ್ನ ನಾನೇ ಎತ್ತುತ್ತೀನಿ, ಬಿಡು" ಎಂದು ಒಪ್ಪಿಗೆಗೆ ಕಾಗದದ ಮೇಲೆ ತಮ್ಮ ಹೆಸರಿನ ಮುದ್ರೆ ಒತ್ತಿದರು. ನಾನು ತಲೆ ಬಾಗಿಸಿದವಳು ಎತ್ತಲಾರದೆ ಹೋದೆ. ಮುಂದಿನ ಸಭೆಯಲ್ಲಿ ಎಲ್ಲರೂ ಒಪ್ಪಿ ನಾಲ್ಕು ನಿಮಿಷದಲ್ಲಿ ಮುಗಿಯಿತು.

ನಿಮ್ಮ ವೃತ್ತಿ ಎತ್ತ ಹೋಗುತ್ತಿದೆ ಎಂದು ಹೇಳುವಷ್ಟು ಓದಿದವಳಲ್ಲ. ಉತ್ತರ ಹುಡುಕಲು ಕಳೆಯುತ್ತಿದ್ದ ದಿನಗಳೆಲ್ಲ ಇನ್ನು ಇಂಥವರ ಎದುರು ಕೂರಲು ಸಿಗುತ್ತವೆ ಎಂದಷ್ಟೇ ನನಗೆ ಕಂಡದ್ದು. ನಿನ್ನಿಂದ ಅದು ಆಗುತ್ತದೆ. ಕೆಲಸ ಬಿಡಬೇಡ. ನಿನ್ನ ಮನಸ್ಸು ಹಗುರಾಗಲಿ, ಮಗಳೇ.

ನಿನ್ನ ಅಮ್ಮ,
ತೊಮಿಕೊ

ಮರೆತು ಉಳಿದದ್ದಲ್ಲ, ಬರೆಯಲಾಗದೆ ಕೊನೆಗೆ ಇಟ್ಟದ್ದು: ಆ ಸಂಜೆ ಅಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀನು ರೈಲಿಗೆ ಹೊರಟಾಗಿತ್ತು. ಅವರು ಕೂದಲು ಒರೆಸಿಕೊಳ್ಳುತ್ತಾ, "ಎಂಥಾದ್ದು ನೋಡಿದ್ವಿ ಇವತ್ತು! ಅವಳಿಗೊಂದು ಫೋನ್ ಮಾಡೆ. ಮುಂದಿನ ಸಲ ಬಂದಾಗ ನಂಗೂ ಕಲಿಸ್ಬೇಕಂತೆ ಅನ್ನು" ಅಂದರು. ಫೋನಿನಲ್ಲಿ ಮಾತಾಡಲು ಅವರಿಗೆ ಎಷ್ಟು ಸಂಕೋಚವೆಂದು ನಿನಗೆ ಗೊತ್ತು. ನಿನ್ನ ಮಾತಿಗೆ ನೊಂದವಳು ನಾನು, ಮಿನೊರಿ, ಅವರಲ್ಲ. ನಾನು ಫೋನ್ ಮಾಡಲಿಲ್ಲ. ಮರುದಿನ "ಏನಂದ್ಲು?" ಎಂದು ಕೇಳಿದರು. "ಏನೂ ಹೇಳ್ಲಿಲ್ಲ" ಅಂದೆ. ಅವರು ಮತ್ತೆ ಕೇಳಲಿಲ್ಲ.